ಮೂರರ ಬಾಲ

"ಈ 3 ಯಾಕಮ್ಮ ಬಾಲದಿಂದ ಹುಟ್ಟತ್ತೆ?"

ವಿಡಿಯೊ ಪರೀಕ್ಷಿಸಲು ಬಂದಿದ್ದ ಟೀಚರ್ ಕನ್ನಡಕ ಏರಿಸಿಕೊಂಡು ಪರದೆಯ ಹತ್ತಿರ ಬಗ್ಗಿದರು. ಪುಟ್ಟ ಮಕ್ಕಳಿಗೆ ಅಂಕಿ ತಿದ್ದಿಸುವ ವಿಡಿಯೊ ಅದು. ಖಾಲಿ ಹಾಳೆಯ ಮೇಲೆ ನೀಲಿ ಕುಂಚದ ಗೆರೆ ತಾನಾಗಿ ಓಡಿ ಒಂದರಿಂದ ಹತ್ತರವರೆಗೆ ಬರೆಯಬೇಕು, ಮಗು ಅದರ ಹಿಂದೆಯೇ ಬೆರಳಾಡಿಸಬೇಕು. ಅದನ್ನು ಮಾಡಿದ ಹುಡುಗಿ ಈ ಅನಿಮೇಶನ್ ಸ್ಟುಡಿಯೊ ಸೇರಿ ನಾಳೆಗೆ ಮೂರು ತಿಂಗಳು. ಈ ವಿಡಿಯೊವನ್ನು ಟೀಚರ್ ಒಪ್ಪಿದರೆ ಕೆಲಸ ಖಾಯಂ, ಇಲ್ಲದಿದ್ದರೆ ನಾಳೆಯೇ ಕೊನೆಯ ದಿನ.

ಅವಳು ಮತ್ತೊಮ್ಮೆ ಓಡಿಸಿದಳು. ಗೆರೆ ಕೆಳಗಿನ ಕೊಕ್ಕೆಯಲ್ಲಿ ಮೊಳೆತು, ಹೊಟ್ಟೆ ಸುತ್ತಿ, ಸೊಂಟಕ್ಕೆ ಬಂದು, ಮೇಲೇರಿ ತಲೆಯಲ್ಲಿ ನಿಂತಿತು. ಉಳಿದ ಅಂಕಿಗಳೂ ಹಾಗೆಯೇ, ಬುಡದಿಂದ.

"ಹೀಗೆ ಬರೆಯೋದು ತಪ್ಪಾ, ಮೇಡಂ?"

"ತಪ್ಪಾ ಅಂತ ಕೇಳ್ತೀಯಲ್ಲೇ ತಾಯಿ! ಮೂವತ್ತೆರಡು ವರ್ಷ ಮಕ್ಕಳ ಕೈ ಹಿಡಿದು ತಿದ್ದಿಸಿದೀನಿ. ಕಾಲಿಂದ ಅಂಗಿ ತೊಡೋರನ್ನ ಇವತ್ತೇ ನೋಡಿದ್ದು."

ಮಾತಾಡುವುದಕ್ಕಿಂತ ಅವಳಿಗೆ ಮೌಸ್ ಹಿಡಿಯುವುದು ಸುಲಭ. ಅನಿಮೇಶನ್ ತಂತ್ರಾಂಶದಲ್ಲಿ ಪ್ರತಿ ಗೆರೆಗೂ ಎಲ್ಲಿ ಆರಂಭ, ಎಲ್ಲಿ ಕೊನೆ ಎಂದು ಹೇಳುವ ಎರಡು ಸಂಖ್ಯೆಗಳಿರುತ್ತವೆ. ಎರಡನ್ನೂ ಅದಲುಬದಲು ಮಾಡಿದಳು. ಈಗ 3 ತಲೆಯಿಂದ ಇಳಿಯಿತು. ಟೀಚರ್ ಮಾತ್ರ ತಲೆಯಾಡಿಸಿದರು.

"ಊಹೂಂ. ಕುಂಚ ಊರಿದ ಕಡೆ ದಪ್ಪ, ಎತ್ತಿದ ಕಡೆ ಸಪೂರ ಅಲ್ವಾ? ಇದು ಸಪೂರದಿಂದ ಶುರುವಾಗಿ ದಪ್ಪಕ್ಕೆ ಹೋಗ್ತಿದೆ. ಹಿಂದುಹಿಂದಕ್ಕೆ ನಡೆಯೋರ ಹಾಗಿದೆ. ನಿನ್ನ ಗೆರೆ ಓಡಿದ ಕಡೆಗೇ ಮಕ್ಕಳ ಕೈ ಓಡೋದು. ಹತ್ತನ್ನೂ ಕೈಯಲ್ಲೇ ಹೊಸದಾಗಿ ಬರಿ. ನಾಳೆ ಹನ್ನೊಂದಕ್ಕೆ ಬರ್ತೀನಿ." ಬಾಗಿಲ ಬಳಿ ನಿಂತು ತಿರುಗಿದರು. "ಯಾರು ಕಲಿಸಿದ್ದು ನಿನಗೆ?"

"ಅಕ್ಕ," ಎಂದಳು. ಅಂದ ಕೂಡಲೇ ಚಾಡಿ ಹೇಳಿದಂತಾಯಿತು.

ಸಂಜೆಯವರೆಗೂ ಟ್ಯಾಬ್ಲೆಟ್ ಮೇಲೆ ಪೆನ್ನೂರಿ ತಲೆಯಿಂದ ಬರೆಯಲು ನೋಡಿದಳು. ಕೈ ಬೇರೆ ಯಾರದೋ ಆಗಿತ್ತು. ಗೆರೆ ಕಂಬಳಿಹುಳದಂತೆ ಹೊರಳಿತು. ಶಾಲೆ, ಕಾಲೇಜು, ದಿನವೂ ತಾರೀಖು ಹಾಕಿ ಬರೆಯುವ ಡೈರಿ, ಎಲ್ಲ ಕಡೆ ಅವಳ 3 ಎಲ್ಲರ 3ರ ಹಾಗೇ ಇತ್ತು. ಬರೆದು ಮುಗಿದದ್ದನ್ನು ಎಲ್ಲರೂ ನೋಡಿದ್ದರು. ಬರೆಯುವುದನ್ನು ಯಾರೂ ನೋಡಿರಲಿಲ್ಲ.

ಮನೆಯಲ್ಲಿ ಅಕ್ಕ ಅಡುಗೆಮನೆಯ ಮೇಜಿನ ಮುಂದೆ ಬೆಳ್ಳುಳ್ಳಿ ಸುಲಿಯುತ್ತಿದ್ದಳು. ಕಿರಿದಾದ ಮೇಜು, ಅದಕ್ಕೆ ಎರಡೇ ಕುರ್ಚಿ, ಎದುರುಬದುರು. ಅವಳು ತನ್ನ ಕುರ್ಚಿಯಲ್ಲಿ ಕೂತು ಹಳೆಯ ಕ್ಯಾಲೆಂಡರ್ ಹಾಳೆಯೊಂದನ್ನು ಮಗುಚಿ ಮುಂದಕ್ಕೆ ತಳ್ಳಿದಳು.

"ಅಕ್ಕಾ, ಒಂದು 3 ಬರಿ."

"ಯಾಕೆ, ಆಫೀಸಲ್ಲಿ ನಿನ್ನನ್ನ ಒಂದನೇ ಕ್ಲಾಸಿಗೆ ಇಳಿಸಿಬಿಟ್ರಾ?" ಅಕ್ಕ ಕೈ ಒರೆಸಿಕೊಂಡು ಸರಸರನೆ ಬರೆದಳು. ತಲೆಯಿಂದ.

"ನೋಡು! ನೀನು ಮಾತ್ರ ಸರಿಯಾಗಿ ಬರೀತೀಯ. ನನಗೆ ಬಾಲದಿಂದ ಕಲಿಸಿದೀಯ. ನಾಳೆ ನನ್ನ ಕೆಲಸ ಹೋಗತ್ತೆ, ಗೊತ್ತಾ?" ಇಷ್ಟು ಜೋರಾಗಿ ಅವಳು ಮಾತಾಡಿ ವರ್ಷಗಳೇ ಆಗಿದ್ದವು.

"ಬಾಲದಿಂದಲಾ?" ಅಕ್ಕ ತನ್ನ ಕೈಯನ್ನೇ ನೋಡಿಕೊಂಡಳು. ಆಮೇಲೆ ನಕ್ಕಳು, ಪೂರಾ ನಗುವೇನಲ್ಲ. "ಓ, ಅದಾ?"

ಹಾಳೆಯನ್ನು ತಿರುಗಿಸದೆ, ತಾನೂ ಅಲುಗದೆ, ಅಕ್ಕ ತನ್ನ ಕಡೆಯಿಂದಲೇ ಪೆನ್ನೂರಿ ಮತ್ತೊಂದು ಗೆರೆ ಎಳೆದಳು. ಈ ಬದಿಯಲ್ಲಿ ಕೂತವಳ ಕಣ್ಣೆದುರು ನೆಟ್ಟನೆಯ 3 ಒಂದು ಮೂಡಿತು. ಮೊದಲು ಬಾಲ, ಆಮೇಲೆ ಹೊಟ್ಟೆ, ಕೊನೆಗೆ ತಲೆ.

"ನಿನಗೆ ನಾಲ್ಕು ವರ್ಷ. ಆ ಕುರ್ಚಿ ಬಿಟ್ಟು ಅಲುಗ್ತಿರಲಿಲ್ಲ. ನನ್ನ ಪಕ್ಕ ಬಾ ಅಂದ್ರೆ ಹಟ, ಹಾಳೆ ತಿರುಗಿಸಿದ್ರೆ ಊರು ಒಂದಾಗೋ ಹಾಗೆ ಅಳು. ನಿನ್ನ ಕಣ್ಣಿಗೆ ನೆಟ್ಟಗೆ ಕಾಣಲಿ ಅಂತ ನಾನೇ ತಲೆಕೆಳಗಾಗಿ ಬರೆಯೋದು ಕಲಿತೆ. ಈ ಕಡೆಯಿಂದ ನೋಡಿದ್ರೆ ಬಾಲವೇ ಮೇಲಿರತ್ತೆ, ಅದಕ್ಕೆ ಅಲ್ಲಿಂದ ಶುರು ಮಾಡ್ತಿದ್ದೆ. ಒಂಬತ್ತು ವರ್ಷದವಳು ಕಣೆ ನಾನು. ನೀನು ನನ್ನ ಕೈ ನೋಡ್ತಿದೀಯ ಅಂತ ನನಗೇನು ಗೊತ್ತು? 3 ನೋಡ್ತಿದೀಯ ಅಂದ್ಕೊಂಡಿದ್ದೆ."

ಅವಳು ಎದ್ದು, ಕುರ್ಚಿ ಎಳೆದುಕೊಂಡು, ಮೊದಲ ಸಲ ಮೇಜಿನ ಆ ಬದಿಗೆ ಹೋದಳು. ಇಬ್ಬರ ಮೊಣಕೈಗಳೂ ಢಿಕ್ಕಿ ಹೊಡೆದವು. "ಅಷ್ಟೂ ಜಾಗ ನಿಂದೇನಾ?" ಎಂದು ಗೊಣಗುತ್ತ ಅಕ್ಕ ಅವಳ ಕೈಗೆ ಪೆನ್ನು ಕೊಟ್ಟು, ಬೆಳ್ಳುಳ್ಳಿ ವಾಸನೆಯ ಬೆರಳುಗಳಿಂದ ಆ ಕೈಯನ್ನು ಮುಚ್ಚಿ ಹಿಡಿದಳು. "ಹೂಂ, ತಲೆಯಿಂದ."

ಪೆನ್ನು ಊರುವ ಮೊದಲು ಅವಳ ಕಣ್ಣು ಅಕ್ಕ ಈಗಷ್ಟೇ ಬರೆದ 3ರ ಮೇಲೆ ಬಿತ್ತು. ಅಕ್ಕ ಕೂತ ಈ ಕಡೆಯಿಂದ ಅದು ತಲೆ ಕೆಳಗೆ, ಬಾಲ ಮೇಲೆ. ಯಾವ ಅಂಕಿಯೂ ಅಲ್ಲ.