ಬಾಗಿಲಿಗೆ ಬಂದವರ ರೊಟ್ಟಿ

ಹಂಚಿನ ಮೇಲೆ ಜೋಳದ ರೊಟ್ಟಿ ಸೀದ ವಾಸನೆ ಬಂದರೆ ಇವತ್ತಿಗೂ ನನಗೆ ಅಜ್ಜನ ಧ್ವನಿ ಕೇಳಿಸುತ್ತದೆ.

ಚೌಡಾಪುರದ ನಮ್ಮ ಮನೆಯಲ್ಲಿ ಮೊದಲು ಬೆಂದ ರೊಟ್ಟಿ ನಮ್ಮದಾಗಿರಲಿಲ್ಲ. ದತ್ತನ ದರ್ಶನಕ್ಕೆಂದು ಗಾಣಗಾಪುರಕ್ಕೆ ನಡೆದು ಹೋಗುವವರು ಮಧ್ಯಾಹ್ನ ಬಂದು ಭಿಕ್ಷೆ ಕೇಳುತ್ತಿದ್ದರು. ಅವರಿಗೆ ನೀಡದೆ ಅಜ್ಜ ಊಟಕ್ಕೆ ಕೂರುತ್ತಿರಲಿಲ್ಲ.

“ದೇವರು ಯಾರ ವೇಷದಾಗ ಬರ್ತಾನೋ ಯಾರಿಗ್ ಗೊತ್ತು? ಹೆಸರು ಕೇಳಬಾರ್ದು, ಸುಮ್ನ ನೀಡಬೇಕು,” ಎನ್ನುತ್ತಿದ್ದ.

ಒಂದು ಬೇಸಿಗೆಯ ಮಧ್ಯಾಹ್ನ “ಭಿಕ್ಷಾ ನೀಡ್ರಿ” ಎಂಬ ಹೆಣ್ಣುಧ್ವನಿ ಕೇಳಿ, ನಾನು ಬಿಸಿ ರೊಟ್ಟಿ ಹಿಡಿದು ಬಾಗಿಲಿಗೆ ಓಡಿದೆ. ಹೊರಗೆ ಸೆರಗೊಡ್ಡಿ ನಿಂತವಳು ನನ್ನ ಅತ್ತೆ, ಅಜ್ಜನ ಕಿರಿಯ ಮಗಳು. ಗಂಡನ ಹೊಡೆತ ತಾಳದೆ ಹಿಂದಿನ ವಾರ ಅವಳು ತವರಿಗೆ ಬಂದಿದ್ದಾಗ, “ಕೊಟ್ಟ ಹೆಣ್ಣು ಕುಲಕ್ಕ ಹೊರಗ” ಎಂದು ಅಜ್ಜ ಹೊಸ್ತಿಲು ದಾಟಗೊಟ್ಟಿರಲಿಲ್ಲ. ಈಗ ಅವಳ ತುಟಿ ಒಣಗಿ ಬಿರುಕು ಬಿಟ್ಟಿತ್ತು.

“ಮುತ್ಯಾ, ಅತ್ತಿ ಬಂದಾಳ!” ಎಂದು ಅಜ್ಜನನ್ನು ಕೂಗಿದೆ.

ಅಜ್ಜಿ ಒಲೆ ಬಿಟ್ಟು ಎದ್ದು ಬಂದವಳು ಪಡಸಾಲೆಯ ಕಂಬ ಹಿಡಿದು ನಿಂತುಬಿಟ್ಟಳು. ಅವಳ ಕೈತುಂಬ ಹಿಟ್ಟಿತ್ತು. ಒಳಗೆ ಹಂಚಿನ ಮೇಲಿದ್ದ ರೊಟ್ಟಿ ಸೀಯತೊಡಗಿತು.

ಅಜ್ಜ ಬಾಗಿಲ ಕಡೆ ಒಮ್ಮೆ ನೋಡಿ, ಮುಖವನ್ನು ಗೋಡೆಗೆ ತಿರುಗಿಸಿದ.

“ಬಂದವ್ರ ಹೆಸರು ಕೇಳಬಾರ್ದಂತ ಹೇಳಿಲ್ಲೇನು? ನೀಡಿ ಕಳಿಸು.”

ನಾನು ರೊಟ್ಟಿಯನ್ನು ಸೆರಗಿಗೆ ಹಾಕಿದೆ. ಅತ್ತೆ ಅದನ್ನು ಹಣೆಗೊತ್ತಿಕೊಂಡು, ಎಲ್ಲ ಭಿಕ್ಷುಕರಂತೆ ಮನೆಗೆ ಕೈ ಮುಗಿದು, ಬಿಸಿಲಿಗಿಳಿದಳು.

ಅಜ್ಜ ಕೈಕಾಲು ತೊಳೆದು ಬಂದು ಊಟಕ್ಕೆ ಕೂತ.

“ಇವತ್ತಿನ ಧರ್ಮ ಆತು,” ಅಂದ. “ತಾಟ್ ಹಚ್ಚು.”