ಮೊದಲ ಪೇಷಂಟ್

ಹನ್ನೊಂದು ವರ್ಷ ಮಾನಸಿಕ ರೋಗಿಗಳ ವಾರ್ಡಿನಲ್ಲಿ ನರ್ಸಾಗಿದ್ದ ಕುಮುದಾಗೆ ಮನೆಯಲ್ಲೇ ಕೂತು ಫೋನಿನಲ್ಲಿ ಸಲಹೆ ಕೊಡುವ ಕೆಲಸ ಸಿಕ್ಕಿಬಿಟ್ಟಿತು! ಕುಣಿಯುವಷ್ಟು ಖುಷಿ. ಆದರೂ ಮನೆಯಲ್ಲಿ ತುಟಿ ಬಿಚ್ಚಲಿಲ್ಲ. ಕೈಗೂಡುವ ಮುಂಚೆ ಒಳ್ಳೆ ಸುದ್ದಿ ಹೇಳಿಕೊಂಡರೆ ದೃಷ್ಟಿ ತಾಗುತ್ತದೆ ಅಂತ ಅತ್ತೆಯೇ ಕಲಿಸಿದ್ದರು.

ಮೊದಲ ದಿನ ರೇಷ್ಮೆ ಸೀರೆಯುಟ್ಟು, ಕೋಣೆಯ ಬಾಗಿಲು ಹಾಕಿ, ಹೆಡ್‌ಫೋನ್ ಏರಿಸಿ ಕೂತಳು. ಕರೆ ಬಂದೇಬಿಟ್ಟಿತು. ಯಾರೋ ಹೆಂಗಸು, ಬಾಯಿಗೆ ಸೆರಗು ಅಡ್ಡ ಹಿಡಿದಂತೆ ಪಿಸುಗುಟ್ಟುತ್ತಿದ್ದರು.

"ನಮ್ಮನೆ ಹುಡುಗಿಗೆ ಏನೋ ಆಗಿದೆ ಮೇಡಂ. ಒಂದು ವಾರದಿಂದ ಕನ್ನಡಿಗೆ ನಮಸ್ಕಾರ ಮಾಡ್ತಾಳೆ, ಒಬ್ಬಳೇ ನಗ್ತಾಳೆ."

ಕುಮುದಾ ಉತ್ಸಾಹದಿಂದ ಬರೆದುಕೊಂಡಳು. "ನಿದ್ದೆ ಮಾಡ್ತಾರಾ?"

"ಎಲ್ಲಿಯ ನಿದ್ದೆ! ಇವತ್ತು ಬೆಳಗಿನ ಜಾವಕ್ಕೇ ಎದ್ದು, ಮದುವೆಗೆ ಹೊರಟೋಳ ಹಾಗೆ ರೇಷ್ಮೆ ಸೀರೆ ಉಟ್ಟಿದಾಳೆ. ಎಲ್ಲಿಗೆ ಅಂದ್ರೆ ಎಲ್ಲಿಗೂ ಇಲ್ಲ ಅಂತಾಳೆ. ಈಗ ನೋಡಿ, ಬಾಗಿಲು ಹಾಕ್ಕೊಂಡು ಒಬ್ಬಳೇ ಮಾತಾಡ್ತಿದಾಳೆ."

ಕುಮುದಾಳ ಪೆನ್ನು ಗಕ್ಕನೆ ನಿಂತಿತು. ಅಷ್ಟರಲ್ಲಿ ಕುಕ್ಕರ್ ಕೂಗಿತು, ಹೆಡ್‌ಫೋನಿನಲ್ಲೂ, ಅಡುಗೆಮನೆಯಲ್ಲೂ.

"ಗಾಬರಿ ಬೇಡ, ವಾಸಿಯಾಗೋ ಕಾಯಿಲೆನೇ," ಎಂದಳು. "ಮೊದಲು ಆ ಕುಕ್ಕರ್ ಇಳಿಸಿ ಬನ್ನಿ, ಅತ್ತೆ."