ಪದಕದ ಪರೀಕ್ಷೆ

ಹಳೇ ಕಂಪ್ಯೂಟರಿಗೆ ಎಕ್ಸ್-ರೇ ಕೊಳವೆ ಜೋಡಿಸಿ, ಲೋಹ ಯಾವುದೆಂದು ಹೇಳುವ ಅಗ್ಗದ ಯಂತ್ರವನ್ನು ಕಟ್ಟಿದವಳು ವಾರಿಜಾ. ಅದಕ್ಕಾಗಿ ಚಿನ್ನದ ಪದಕವನ್ನು ಕೊರಳಿಗೆ ಹಾಕಿಸಿಕೊಂಡವರು ಅವಳ ಪ್ರೊಫೆಸರು.

"ಈ ಹುಡುಗಿ ವೈರು ಜೋಡಿಸಿದ್ಲು, ಅಷ್ಟೆ," ಎಂದು ವೇದಿಕೆಯ ಮೇಲೆ ನಕ್ಕರು.

ವಾರಿಜಾಳಿಗೆ ಮೈಯೆಲ್ಲ ಉರಿದುಹೋಯಿತು. ಆದರೂ ನಯವಾಗಿ ಕೇಳಿದಳು: "ಸರ್, ಆ ಪದಕಾನೇ ಒಂದ್ಸಲ ಪರೀಕ್ಷೆ ಮಾಡಿ ತೋರಿಸ್ತೀರಾ?"

ಪ್ರೊಫೆಸರು ಠೀವಿಯಿಂದ ವೇದಿಕೆಯ ಮೇಲೆಯೇ ಇಟ್ಟಿದ್ದ ಯಂತ್ರ ಆನ್ ಮಾಡಿ ಪದಕವನ್ನು ಒಳಗಿಟ್ಟರು. ಪರದೆಯ ಮೇಲೆ 'ಸೀಸ' ಎಂದು ಮೂಡಿತು. ಸಭೆ ಗೊಳ್ಳೆಂದು ನಕ್ಕಿತು.

"ಮೆಷಿನ್ನೇ ಸರಿ ಇಲ್ಲ!" ಪ್ರೊಫೆಸರು ಕಿರುಚಿದರು.

"ಹಾಗಾದ್ರೆ ಸರಿ ಮಾಡಿ ಸರ್. ನೀವೇ ಕಟ್ಟಿದ್ದಲ್ವಾ?"

ಆನ್ ಮಾಡಿದಾಗಲೆಲ್ಲ ಆ ಯಂತ್ರಕ್ಕೆ ಮೊದಲು ತಾಮ್ರದ ತುಂಡೊಂದನ್ನು ತೋರಿಸಬೇಕು. ಇಲ್ಲದಿದ್ದರೆ ಅದು ಒಂದನ್ನು ಇನ್ನೊಂದು ಎನ್ನುತ್ತದೆ. ಆ ತುಂಡು ವಾರಿಜಾಳ ಮುಷ್ಟಿಯೊಳಗೆ ಬೆಚ್ಚಗಿತ್ತು.